ಸಂಬಳವೋ, ಸಂಕಲ್ಪವೋ?

ಕಳೆದ ತಿಂಗಳು ನಾವು ಸಿಂಧನೂರು ತಾಲೂಕಿನ ತುರ್ವಿಹಾಳಕ್ಕೆ ಹೋದಾಗ ಆ ಊರಿನ ತರುಣನೊಬ್ಬನು ನಮ್ಮನ್ನು ಕಂಡು ಒಂದು ಪ್ರಶ್ನೆಯನ್ನು ಕೇಳಿದನು. ಅದಕ್ಕೆ ಅಲ್ಲಿಯೇ ಉತ್ತರ ಕೊಡುವದು ನಮ್ಮಿಂದಾಗಲಿಲ್ಲ. ಮರಳಿ ಬಂದು ವಿಚಾರಿಸಿ ನೋಡಲು, ಆ ಪ್ರಶ್ನೆಯು ಅವನೊಬ್ಬನದಲ್ಲ, ನಮ್ಮ ನಾಡಿನ ಸುಶಿಕ್ಷಿತ ತರುಣರೆಲ್ಲರದು ಎಂದೂ, ಅದಕ್ಕೆ ಉತ್ತರ ಹೇಳಬೇಕಾದವರು ನಾವಷ್ಟೇ ಅಲ್ಲ, ನಮ್ಮ ವಾಚಕರೆಲ್ಲರೂ ಎಂದೂ ಮನವರಿಕೆಯಾಯಿತು. ಆದುದರಿಂದಲೇ ಈ ಲೇಖನ.

ತರುಣನು ಪದವೀಧರನು. ಸಣ್ಣ ಸಾಲಗಳನ್ನು ಕೊಡುವ ಖಾಸಗಿ ಸಂಸ್ಥೆಯೊಂದರಲ್ಲಿ ಕಂತು ವಸೂಲು ಮಾಡುವದು ಅವನ ನೌಕರಿ. ಊರೂರು ತಿರುಗಿ ಹೆಣ್ಣುಮಕ್ಕಳ ಗುಂಪುಗಳ ಮುಂದೆ ಕೂತು ಹಣ ಎಣಿಸಿಕೊಳ್ಳಬೇಕು. ಕಂತು ತಪ್ಪಿದ ಮನೆಯ ಬಾಗಿಲಲ್ಲಿ ಕತ್ತಲಾಗುವ ವರೆಗೂ ನಿಲ್ಲಬೇಕು. ಇಂಥ ವಸೂಲಿಯ ಕಾಟವು ನಾಡಿನಲ್ಲಿ ಮಿತಿಮೀರಿತೆಂದೇ ಕರ್ನಾಟಕ ಸರಕಾರವು 2025ರಲ್ಲಿ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ಈ ತರುಣನು ಬಿಡುವಾದ ಸಂಜೆಗಳಲ್ಲಿ ಗುಡಿಯ ಕಟ್ಟೆಯ ಮೇಲೆ ಹತ್ತು ಹನ್ನೆರಡು ಮಕ್ಕಳನ್ನು ಕೂಡಿಸಿ ಕನ್ನಡ ಓದುಬರಹ ಕಲಿಸುತ್ತಾನೆ. ಕಾಲುವೆಯ ನೀರು ಕಾಣದ ಹೊಲದವರು ಸುಗ್ಗಿ ಮುಗಿದೊಡನೆ ಗುಳೆ ಹೋಗುವರು. ಅವರ ಬೆನ್ನ ಹಿಂದೆ ಮಕ್ಕಳೂ ಹೋಗುವರು. ಮರಳಿ ಬರುವಷ್ಟರಲ್ಲಿ ಕಲಿತ ಅಕ್ಷರಗಳನ್ನು ಮರೆತಿರುವರು. ಅಂಥ ಮಕ್ಕಳನ್ನು ಊರಲ್ಲಿಯೇ ಇರಿಸಿಕೊಂಡು ಓದಿಸಬೇಕೆಂಬದು ಅವನ ಹಂಬಲ. “ಹಗಲೆಲ್ಲ ಯಾರ ಬಾಗಿಲಲ್ಲಿ ನಿಂತು ಹಣಕ್ಕಾಗಿ ಪೀಡಿಸುವೆನೋ, ಸಂಜೆಗೆ ಅವರ ಮಕ್ಕಳಿಗೇ ಅಕ್ಷರ ಕಲಿಸುತ್ತೇನೆ, ಸರ್. ಎರಡರಲ್ಲಿ ಒಂದನ್ನು ಬಿಡಬೇಕಲ್ಲವೇ?” ಎಂದು ಅವನು ಕೇಳಿದನು.

ಸುತ್ತಲೂ ಕುಳಿತಿದ್ದ ಹಿರಿಯರು ನಕ್ಕರು. ಒಬ್ಬರು, “ತಿಂಗಳಿಗೊಮ್ಮೆ ಪಗಾರ ಬರುವ ಕೆಲಸವನ್ನು ಬಿಡುವದೆಂದರೆ ಕಾಲುವೆಯನ್ನು ಬಿಟ್ಟು ಮಳೆಯನ್ನು ನಂಬಿದಂತೆ” ಎಂದರು. ಇನ್ನೊಬ್ಬರು, “ಬಿಡಲಿ, ಆದರೆ ಸರಕಾರಿ ನೌಕರಿ ಹಿಡಿದು ಬಿಡಲಿ, 371(ಜೆ) ಇರುವದು ಯಾತಕ್ಕೆ?” ಎಂದರು. ಮೂರನೆಯವರು, “ಸಂಜೆಗೆ ಕಲಿಸುತ್ತಿರುವನಲ್ಲ, ಅಷ್ಟು ಸಾಲದೇ?” ಎಂದರು. ತರುಣನ ತಂದೆಯವರು ಮಾತ್ರ ಏನೂ ಆಡದೆ ನೆಲವನ್ನು ನೋಡುತ್ತ ಕುಳಿತಿದ್ದರು. ಮೂರು ಮಾತುಗಳು, ಒಂದು ಮೌನ! ಇವು ನಾಲ್ಕೂ ತೂಕವುಳ್ಳವುಗಳೇ. ಒಂದೊಂದನ್ನಾಗಿ ಪರೀಕ್ಷಿಸೋಣ.

ಮೊದಲನೆಯದು ಕಾಲುವೆಯ ಮಾತು. ಹಿರಿಯರೇ, ತಮ್ಮ ಊರಿನ ಸೀಮೆಗೆ ನೀರು ತಂದ ಆ ಕಾಲುವೆಯನ್ನು ದೇವರು ತೋಡಿದನೇ? ತುಂಗಭದ್ರೆಯ ಅಣೆಕಟ್ಟಿನ ಕೆಲಸವು 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿಯಿತು. ಅದಕ್ಕೂ ಮೊದಲು ಸಿಂಧನೂರಿನ ಎರೆಭೂಮಿಯು ಆಕಾಶವನ್ನೇ ನೋಡುತ್ತಿತ್ತು. ಇದ್ದುದರಲ್ಲಿಯೇ ಇರುವೆವೆಂದು ಎಲ್ಲರೂ ಕುಳಿತಿದ್ದರೆ ಇಂದು ಇಲ್ಲಿ ಭತ್ತದ ರಾಶಿಗಳೆಲ್ಲಿರುತ್ತಿದ್ದವು? ಭದ್ರವೆಂದು ನಾವು ಇಂದು ನಂಬಿಕೊಂಡಿರುವದೆಲ್ಲವೂ ನಿನ್ನೆ ಯಾರೋ ಅಭದ್ರತೆಗೆ ಎದೆಗೊಟ್ಟುದರ ಫಲವೇ ಆಗಿರುವದು.

ಇಂಥ ಸಾಹಸವು ಉಳ್ಳವರಿಗಷ್ಟೇ ಸಾಧ್ಯವೆಂದು ಕೆಲವರು ಆಕ್ಷೇಪಿಸುವರು. ಅವರು ಹರ್ಡೇಕರ ಮಂಜಪ್ಪನವರನ್ನು ನೆನೆಯಲಿ. ಬನವಾಸಿಯ ಬಡ ಮನೆತನದಲ್ಲಿ 1886ರಲ್ಲಿ ಹುಟ್ಟಿದ ಈ ಮಹನೀಯರು ಶಿರಸಿಯಲ್ಲಿ ಅಲ್ಪ ಸಂಬಳದ ಶಾಲಾಮಾಸ್ತರರಾಗಿದ್ದರು. ಬಂಗಾಲದ ವಿಭಜನೆಯಿಂದ ದೇಶವೆಲ್ಲ ಕುದಿಯುತ್ತಿದ್ದ ಕಾಲವದು. ಇಪ್ಪತ್ತರ ಹರೆಯದಲ್ಲಿ ಮಂಜಪ್ಪನವರು ಆ ನೌಕರಿಗೆ ರಾಜೀನಾಮೆ ಕೊಟ್ಟು, 1906ರಲ್ಲಿ ದಾವಣಗೆರೆಯಲ್ಲಿ ‘ಧನುರ್ಧಾರಿ’ ಎಂಬ ವಾರಪತ್ರಿಕೆಯನ್ನು ಹೂಡಿದರು. 1913ರಲ್ಲಿ ಅದೇ ಊರಿನಲ್ಲಿ ಬಸವ ಜಯಂತಿಯ ಸಾರ್ವಜನಿಕ ಉತ್ಸವಕ್ಕೆ ಅಡಿಗಲ್ಲಿಟ್ಟವರೂ ಅವರೇ. ಮುಂದೆ ಆಲಮಟ್ಟಿಯಲ್ಲಿ ಆಶ್ರಮವನ್ನೂ ವಿದ್ಯಾಲಯವನ್ನೂ ಕಟ್ಟಿದವರೂ ಅವರೇ. ಅವರ ಬಳಿ ಯಾವ ಇನಾಮು ಭೂಮಿಯಿತ್ತು? ಯಾವ ಬಂಡವಾಳವಿತ್ತು?

ಉಳ್ಳವರು ಬಿಟ್ಟುದೂ ಉಂಟು. ಮುಂಬಯಿಯಲ್ಲಿ ಕಾಯದೆ ಓದಿ ಧಾರವಾಡದಲ್ಲಿ ವಕೀಲಿ ಹೂಡಿದ್ದ ಆಲೂರ ವೆಂಕಟರಾಯರು ಹಂಪೆಯ ಹಾಳನ್ನು ಕಂಡು ಕರ್ನಾಟಕದ ಕನಸನ್ನು ಹೊತ್ತುಕೊಂಡು ಬಂದರು. ಆ ಮೇಲೆ ಕಕ್ಷಿಗಾರರ ಕಾಗದಪತ್ರಗಳಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ವಕೀಲಿ ಹೋಯಿತು, 1917ರಲ್ಲಿ ‘ಕರ್ನಾಟಕ ಗತವೈಭವ’ ಬಂದಿತು, 1922ರಲ್ಲಿ ‘ಜಯ ಕರ್ನಾಟಕ’ ಬಂದಿತು. ವಕೀಲಿಯಲ್ಲಿಯೇ ಉಳಿದಿದ್ದರೆ ಅವರು ಎಷ್ಟು ಮೊಕದ್ದಮೆಗಳನ್ನು ಗೆಲ್ಲುತ್ತಿದ್ದರೋ! ಅವುಗಳ ಹೆಸರು ಇಂದು ಯಾರಿಗೆ ಬೇಕಾಗಿರುತ್ತಿತ್ತು? ಆದರೆ ಅವರೂ ಅವರಂಥ ಸಾವಿರಾರು ಜನರೂ ಹೊತ್ತ ಕನಸಿನ ಫಲವಾಗಿ 1956ರ ನವೆಂಬರ 1ರಂದು ರಾಯಚೂರು ಜಿಲ್ಲೆಯೂ ಅದರೊಳಗಿನ ತುರ್ವಿಹಾಳವೂ ಕನ್ನಡಿಗರ ರಾಜ್ಯದಲ್ಲಿ ಬಂದು ಸೇರಿದವು. ನಮ್ಮ ಹಿರಿಯರು ಕುಳಿತಿದ್ದ ಕಟ್ಟೆಯೇ ಇದಕ್ಕೆ ಸಾಕ್ಷಿ.

ಎರಡನೆಯದು 371(ಜೆ)ಯ ಮಾತು. ಸಂಸತ್ತು 2012ರ ಕೊನೆಗೆ ಒಪ್ಪಿದ ಈ ಕಲಮನ್ನು ನಾವು ಹಗುರಾಗಿ ಕಾಣುವವರಲ್ಲ. ಕಚೇರಿಯ ಭಾಷೆ ಉರ್ದು, ಮನೆಯ ಭಾಷೆ ಕನ್ನಡ ಎಂಬ ನಿಜಾಮನ ಆಳಿಕೆಯಲ್ಲಿ ತಲೆಮಾರುಗಳ ಕಾಲ ಕಚೇರಿಯ ಹೊಸ್ತಿಲನ್ನು ದಾಟಲಾರದೆ ಹೋದ ಜನಕ್ಕೆ ನೌಕರಿಯಲ್ಲಿಯೂ ಶಿಕ್ಷಣದಲ್ಲಿಯೂ ಪಾಲು ದೊರೆತುದು ನ್ಯಾಯವೇ ಸರಿ. ಆದರೆ ನಾವು ಕೇಳುವದಿಷ್ಟೇ: ಈ ಹಕ್ಕು ಗುರಿಯೋ, ಸಾಧನವೋ? 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆಯು ನೂರಕ್ಕೆ 75ನ್ನು ಮೀರಿದ್ದಾಗ ರಾಯಚೂರು ಜಿಲ್ಲೆಯದು ನೂರಕ್ಕೆ 60ನ್ನೂ ಮುಟ್ಟಿರಲಿಲ್ಲ. ಅಕ್ಷರವೇ ಬಾರದವನಿಗೆ 371(ಜೆ) ಯಾವ ಕುರ್ಚಿಯನ್ನು ಕೊಟ್ಟೀತು? ಗುಳೆ ಹೋದ ಮಗುವನ್ನು ಶಾಲೆಗೆ ತರುವವನೇ ಆ ಕಲಮಿಗೆ ನಿಜವಾದ ಜೀವ ತುಂಬುವವನು. ಅವನನ್ನು ‘ಹುಚ್ಚ’ನೆಂದು ನಕ್ಕು, ನೌಕರಿಗಾಗಿ ಅರ್ಜಿ ಬರೆಯುವವನನ್ನು ಮಾತ್ರ ‘ಜಾಣ’ನೆನ್ನುವದು ಯಾವ ನ್ಯಾಯ?

ಈ ಸೀಮೆಗೆ ನಿಜಾಮನಿಂದ ಬಿಡುಗಡೆಯಾದುದಾದರೂ ಹೇಗೆ? ಆ ಸಂಸ್ಥಾನದ ಹೋರಾಟದ ಮುಂದಾಳಾದ ಸ್ವಾಮಿ ರಮಾನಂದ ತೀರ್ಥರು ನಮ್ಮ ಸಿಂದಗಿಯಲ್ಲಿ ಹುಟ್ಟಿದವರು. ಮೊಮಿನಾಬಾದಿನ ಶಾಲೆಯ ಮುಖ್ಯಾಧ್ಯಾಪಕರಾಗಿದ್ದವರು. 1938ರಲ್ಲಿ ಆ ಅಧ್ಯಾಪಕತ್ವವನ್ನು ಬಿಟ್ಟು ಸತ್ಯಾಗ್ರಹಕ್ಕೆ ನಿಂತು ಸೆರೆಮನೆಗೆ ಹೋದರು. 1948ರ ಸೆಪ್ಟೆಂಬರದ ವರೆಗೆ ಹತ್ತು ವರುಷ ಆ ಹೋರಾಟ ನಡೆಯಿತು. ಅವರೂ ನಮ್ಮ ಹಿರಿಯರಂತೆ “ಮುಖ್ಯಾಧ್ಯಾಪಕನಿಗೆ ಇದೆಲ್ಲ ಯಾಕೆ?” ಎಂದಿದ್ದರೆ?

ಮೂರನೆಯ ಮಾತಿನಲ್ಲಿ ಅರ್ಧ ಸತ್ಯವುಂಟು. ಎಲ್ಲರೂ ನೌಕರಿಯನ್ನು ಬಿಡಬೇಕಾಗಿಲ್ಲ. ಡೆಪ್ಯುಟಿ ಚನ್ನಬಸಪ್ಪನವರು ಸರಕಾರದ ಶಿಕ್ಷಣ ಖಾತೆಯಲ್ಲಿದ್ದುಕೊಂಡೇ, ಮರಾಠಿ ಶಾಲೆಗಳು ತುಂಬಿದ್ದ ಕನ್ನಡ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ಎಬ್ಬಿಸಿ ನಿಲ್ಲಿಸಿದರು. 1881ರಲ್ಲಿ ತೀರಿಕೊಳ್ಳುವ ವರೆಗೂ ಅವರ ಹೆಸರಿನ ಹಿಂದೆ ಇದ್ದುದು ನೌಕರಿಯ ಪದವಿಯೇ. ಆದರೆ ಆ ಪದವಿಯನ್ನು ಅವರು ಕನ್ನಡದ ಊಳಿಗಕ್ಕೆ ಹಚ್ಚಿದರು. ನೌಕರಿಯೂ ಸಂಕಲ್ಪವೂ ಒಂದೇ ದಿಕ್ಕಿಗೆ ಎಳೆಯುತ್ತಿದ್ದರೆ ನೊಗವನ್ನು ಕಳಚುವದು ಅವಿವೇಕ. ನಮ್ಮ ವಾಚಕರಲ್ಲಿ ಬಹು ಜನರು ಶಿಕ್ಷಕರಿರುವಿರಿ. ನಿಮ್ಮ ತರಗತಿಯ ಬಾಗಿಲೇ ನಿಮ್ಮ ಸಂಕಲ್ಪದ ಬಾಗಿಲಾಗಿರಬಹುದು. ಅದನ್ನು ತೆರೆದು ನೋಡದೆಯೇ ಬೇರೊಂದು ಬಾಗಿಲನ್ನು ಹುಡುಕಬೇಡಿರಿ. ಆದರೆ ಈ ತರುಣನ ಗತಿ ಬೇರೆ. ಅವನ ಸಂಜೆಯು ಕಟ್ಟಿದುದನ್ನು ಅವನ ಹಗಲೇ ಕೆಡವುತ್ತಿರುವದು. ಕಂತಿನವನನ್ನು ಕಂಡು ಒಳಗೆ ಅಡಗುವ ತಾಯಿಯು ತನ್ನ ಮಗುವನ್ನು ಅವನ ಕಟ್ಟೆಗೆ ಎಷ್ಟು ದಿನ ಕಳಿಸಿಯಾಳು?

ಹಾಗಾದರೆ ಬಿಡುವದು ಯಾವಾಗ? ಇದನ್ನು ವಿಜಾಪುರದ ಫ. ಗು. ಹಳಕಟ್ಟಿಯವರ ಜೀವನವು ಚೆನ್ನಾಗಿ ಕಲಿಸುವದು. ಅವರು ವಕೀಲಿ ಮಾಡುತ್ತಲೇ ಓಲೆಗರಿಗಳನ್ನು ಹುಡುಕುತ್ತ ಮನೆಮನೆ, ಮಠಮಠ ತಿರುಗಿದರು. ‘ವಚನಶಾಸ್ತ್ರಸಾರ’ವು ಅಚ್ಚಾದದ್ದು 1923ರಲ್ಲಿ. ಕೆಲಸವು ಬೆಳೆದು ವಕೀಲಿಯ ಜೊತೆಗೆ ಸಾಗದಂತಾದಾಗ ಅವರು ಕಾಯದೆಯ ಪುಸ್ತಕವನ್ನು ಮುಚ್ಚಿದರು. ಇದ್ದ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಹೂಡಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಹೊರಡಿಸಿದರು. ಅವರು ಹಾರಿದವರಲ್ಲ, ನಡೆದು ಹೋದವರು. ನೌಕರಿಯ ಬೇಸರದಿಂದ ಓಡಿದವರಲ್ಲ, ಕೆಲಸದ ಕರೆಗೆ ಓಗೊಟ್ಟವರು. ಓಡುವವನಿಗೂ ಓಗೊಡುವವನಿಗೂ ಇರುವ ಅಂತರವನ್ನು ನಮ್ಮ ತರುಣರು ಮರೆಯಬಾರದು. ಮೇಲಧಿಕಾರಿಯು ಗದರಿಸಿದನೆಂದೋ, ಬಡತಿ ತಡವಾಯಿತೆಂದೋ ರಾಜೀನಾಮೆ ಬರೆಯುವವನಿಗೆ ಸಂಕಲ್ಪವಿಲ್ಲ, ಬರಿಯ ಸಿಟ್ಟು ಇರುವದು. ಸಿಟ್ಟು ಎರಡು ತಿಂಗಳಲ್ಲಿ ಆರುವದು. ಆ ಮೇಲೆ ಅವನು ಅದಕ್ಕಿಂತ ಕೀಳಾದ ಚಾಕರಿಯನ್ನು ಹುಡುಕುತ್ತ ಅಲೆಯುವನು.

ಇನ್ನು ಉಳಿದುದು ತಂದೆಯ ಮೌನ. ಮೂರು ಮಾತುಗಳಿಗಿಂತ ಅದೇ ನಮ್ಮನ್ನು ಹೆಚ್ಚು ಕಾಡಿತು. ಆ ಮೌನದಲ್ಲಿ ಒಂದು ಪ್ರಶ್ನೆ ಇದ್ದಿತು: “ಮಗನು ಊರಿನ ಮಕ್ಕಳನ್ನು ಸಾಕಿಯಾನು, ಮಗನನ್ನು ಯಾರು ಸಾಕುವರು?” ಕನ್ನಡಿಗರೇ, ಇದಕ್ಕೆ ನಿಮ್ಮ ಹತ್ತಿರ ಉತ್ತರವುಂಟೇ? ಮಂಗಳೂರಿನ ಕಾರ್ನಾಡ ಸದಾಶಿವರಾಯರು ವಕೀಲಿಯನ್ನು ಬಿಟ್ಟು, ಗಾಂಧೀಜಿಯವರ ಕಾರ್ಯಕ್ಕೆ ತಮ್ಮ ಆಸ್ತಿಯನ್ನೆಲ್ಲ ಸುರಿದು, 1937ರಲ್ಲಿ ಬಡವರಾಗಿ ಕಣ್ಣು ಮುಚ್ಚಿದರು. ಬೆಂಗಳೂರಿನ ಸದಾಶಿವನಗರವು ಇಂದು ಅವರ ಹೆಸರನ್ನೇ ಹೊತ್ತಿರುವದು. ಆ ಬಡಾವಣೆಯಲ್ಲಿ ಇಂದು ಒಂದು ಗೇಣು ನೆಲವನ್ನು ಕೊಳ್ಳಲು ಎಂಥ ಸಿರಿವಂತನಾಗಿರಬೇಕೆಂಬದನ್ನು ವಾಚಕರು ಬಲ್ಲರು! ಬದುಕಿದ್ದಾಗ ಅನ್ನ ಕೇಳದೆ, ಸತ್ತ ಮೇಲೆ ಹೆಸರು ಇಡುವದು ನಮ್ಮ ಸಮಾಜದ ಹಳೆಯ ರೋಗ. ತ್ಯಾಗಿಗೆ ಹಾರ ಹಾಕಲು ನಾವು ನೂರು ಜನ ಮುಂದೆ ಬರುವೆವು. ಅವನ ಮನೆಯ ಒಲೆ ಹೊತ್ತಿತೇ ಎಂದು ವಿಚಾರಿಸಲು ಒಬ್ಬನೂ ಹೋಗುವದಿಲ್ಲ. ತರುಣರಲ್ಲಿ ಧೈರ್ಯವಿಲ್ಲವೆಂದು ದೂರುವ ನಾವು, ಧೈರ್ಯವು ಬೆಳೆಯಲು ನೆಲವನ್ನೆಲ್ಲಿ ಸಿದ್ಧಮಾಡಿರುವೆವು? ಸಂಬಳದ ಗುಲಾಮಗಿರಿಯನ್ನು ಅವರಿಗೆ ಕಲಿಸಿದವರು ನಾವೇ ಅಲ್ಲವೇ?

ಈ ಸೀಮೆಗೆ ಇದು ಹೊಸ ಪಾಠವೇನೂ ಅಲ್ಲ. ತುರ್ವಿಹಾಳದ ನೆರೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರೆಂದು ಸಂಪ್ರದಾಯವು ಹೇಳುವ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳನ್ನು ಯಾರು ಅರಿಯರು? ಚೆಲ್ಲಿದ ಅಕ್ಕಿಯನ್ನು ಆಯುವದು ಅವರ ಕಾಯಕ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಮಿಗಿಲಾದುದನ್ನು ಲಕ್ಕಮ್ಮನು ಮರಳಿ ಚೆಲ್ಲಿಬರಲು ಕಳಿಸಿದಳಂತೆ. ಕಾಯಕಕ್ಕೆ ಎಷ್ಟು ಬೇಕೆಂಬದನ್ನು ಆ ತಾಯಿಯು ಅಳೆದು ಹೇಳಿದಳು. ಅವಳ ವಚನಗಳು ಅಚ್ಚಾಗಿ ನಾಡಿನ ಕೈಸೇರುವಂತೆ ಮಾಡಿದ ವಚನೋದ್ಧಾರದ ಕಾರ್ಯವನ್ನು ಮನೆ ಮಾರಿ ನಡೆಸಿದವರು ಮೇಲೆ ಹೇಳಿದ ಹಳಕಟ್ಟಿಯವರೇ. ಒಬ್ಬನು ನೌಕರಿಯನ್ನು ಬಿಟ್ಟರೆ ನಾಡಿಗೆ ಏನು ದೊರೆಯುವದೆಂಬದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕೇ?

ಆದುದರಿಂದ ತುರ್ವಿಹಾಳದ ತರುಣನಿಗೆ ನಮ್ಮ ಉತ್ತರವಿಷ್ಟೇ. ತಮ್ಮಾ, ನಾಳೆಯೇ ರಾಜೀನಾಮೆ ಕೊಡಬೇಡ. ಮೊದಲು ಸಾಲವಿದ್ದರೆ ತೀರಿಸು. ಒಂದು ವರುಷದ ಜೋಳವನ್ನು ಮನೆಯಲ್ಲಿ ಕೂಡಿಸಿಡು. ತಂದೆತಾಯಿಗಳೊಡನೆ ಕೂತು ಬಿಚ್ಚುಮನಸ್ಸಿನಿಂದ ಮಾತಾಡು. ಒಂದು ವರುಷದ ವರೆಗೆ ಒಂದು ಸಂಜೆಯನ್ನೂ ತಪ್ಪಿಸದೆ ಆ ಕಟ್ಟೆಯ ಮೇಲೆ ದೀಪ ಹಚ್ಚು. ವರುಷದ ಕೊನೆಗೆ ಹನ್ನೆರಡು ಮಕ್ಕಳು ಇಪ್ಪತ್ತಾಗಿದ್ದರೆ, ನಿನ್ನ ಮನಸ್ಸು ಹಿಂಜರಿಯದಿದ್ದರೆ, ಆಗ ಹಿಂದೆ ನೋಡದೆ ಬಿಟ್ಟುಬಿಡು.

ಆ ಊರಿನ ಹಿರಿಯರಿಗೂ ಒಂದು ಮಾತು. ನಿಮ್ಮದು ಭತ್ತದ ಸೀಮೆ. ಪ್ರತಿಯೊಂದು ಮನೆಯವರೂ ದಿನಕ್ಕೊಂದು ಹಿಡಿ ಅಕ್ಕಿಯನ್ನು ಗಡಿಗೆಯಲ್ಲಿ ತೆಗೆದಿರಿಸಿದರೆ, ಗುಳೆಯ ತಿಂಗಳುಗಳಲ್ಲಿ ಇಪ್ಪತ್ತು ಮಕ್ಕಳೂ ಅವರ ಮಾಸ್ತರನೂ ಉಂಡು ಮಿಗುವದು. ಅದು ದಾನವಲ್ಲ, ನಿಮ್ಮ ಮಕ್ಕಳ ನಾಡಿಗೆ ನೀವು ಸಲ್ಲಿಸುವ ಕಂದಾಯ. ಹಿಡಿ ಅಕ್ಕಿಗೂ ಹಿಂಜರಿಯುವವರು ತರುಣರ ಹೇಡಿತನದ ಮಾತನ್ನು ಮತ್ತೆ ಎತ್ತದಿರಲಿ. ಗಡಿಗೆಯನ್ನು ಇಡುವವರು ಮಾತ್ರ ಮುಂದಿನ ವರುಷ ಆ ಕಟ್ಟೆಯ ಬಳಿಗೆ ಬಂದು, ತಂದೆಯವರು ತಲೆಯೆತ್ತಿ ಕುಳಿತಿರುವದನ್ನು ಕಣ್ಣಾರೆ ನೋಡಲಿ.