ತುಳಸಿಗೆ ಒಂದು ಗೇಣು ದೂರದ ಬೆಳಕು

"ತುಳಸಿಗೆ ನೀರು ಹಾಕಿದ್ಯಾ ಪುಟ್ಟಿ?" ಭಾನುವಾರದ ವಿಡಿಯೋ ಕಾಲ್‌ನಲ್ಲಿ ಅಜ್ಜಿಯ ಮೊದಲ ಪ್ರಶ್ನೆ ಇದೇ. ಹೋದ ಡಿಸೆಂಬರ್‌ನಲ್ಲಿ ಆರು ವರ್ಷದ ಮಗಳು ಫೋನಿನ ಹತ್ತಿರ ಬರಲೇ ಇಲ್ಲ. "ದಿನಾ ಹಾಕಿದೀನಿ ಅಮ್ಮ, ಆದ್ರೂ ಎಲೆ ಉದುರ್ತಿದೆ" ಎಂದು ಅತ್ತಳು.

ತಪ್ಪು ಅವಳದಲ್ಲ, ನನ್ನದು. ಡಿಸೆಂಬರ್‌ನಲ್ಲಿ ಬೆಂಗಳೂರಿನ ಹಗಲು 11 ಗಂಟೆಗೂ ಹೆಚ್ಚು. ನಾವಿರುವ ಬರ್ಲಿನ್‌ನಲ್ಲಿ 8 ಗಂಟೆಗೂ ಕಡಿಮೆ, ಅದೂ ಮೋಡ ಕವಿದ ಹಗಲು. ಬೆಳಕು ಸಾಲದ ಗಿಡ ನೀರನ್ನೂ ಕಡಿಮೆ ಕುಡಿಯುತ್ತದೆ. ದಿನಾ ಸುರಿದರೆ ಬೇರು ಕೊಳೆಯುತ್ತದೆ. ನಾನೇನೋ ನೇರಳೆ ಬಣ್ಣದ ಎಲ್‌ಇಡಿ ದೀಪ ತಂದಿದ್ದೆ. ಡಬ್ಬಿಯ ಮೇಲೆ '300 ವ್ಯಾಟ್' ಎಂದಿತ್ತು. ಮೀಟರ್ ಹಾಕಿ ನೋಡಿದರೆ 20 ವ್ಯಾಟ್! ಸಾಲದ್ದಕ್ಕೆ ಅದನ್ನು ಕಪಾಟಿನ ತುದಿಗೆ ಸಿಕ್ಕಿಸಿದ್ದೆ.

ವ್ಯಾಟ್ ಹೇಳುವುದು ದೀಪ ಬಳಸುವ ವಿದ್ಯುತ್ತನ್ನು, ಲ್ಯೂಮೆನ್ ಹೇಳುವುದು ನಮ್ಮ ಕಣ್ಣಿಗೆ ಕಾಣುವ ಬೆಳಕನ್ನು. ಗಿಡದ ಮೇಲೆ ಬೀಳುವ ಬೆಳಕು ತಿಳಿಯಲು 'ಪಿಪಿಎಫ್‌ಡಿ' ನೋಡಿ. ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಎಷ್ಟು ಬೆಳಕಿನ ಕಣಗಳು ಬೀಳುತ್ತವೆ ಎಂಬ ಲೆಕ್ಕ ಅದು, ಮೈಕ್ರೋಮೋಲ್‌ಗಳಲ್ಲಿ. ಎಷ್ಟು ದೂರದಲ್ಲಿ ಅಳೆದದ್ದು ಎಂದು ಬರೆಯದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ. 250 ಮೈಕ್ರೋಮೋಲ್ ಬೆಳಕು 14 ಗಂಟೆ ಬಿದ್ದರೆ ದಿನಕ್ಕೆ 12.6 ಮೋಲ್, ತುಳಸಿ ಚೆನ್ನಾಗಿ ಬೆಳೆಯಲು ಸಾಕು. ಸಮಯ ಕಾಯಲು ಟೈಮರ್ ಹಾಕಿ. ರಾತ್ರಿ ಗಿಡಕ್ಕೂ ಕತ್ತಲೆ ಬೇಕು. ನೇರಳೆ ದೀಪವೇ ಆಗಬೇಕೆಂದಿಲ್ಲ. ಬಿಳಿ ಎಲ್‌ಇಡಿಯಲ್ಲಿ ಕೆಂಪು, ನೀಲಿ ಎರಡೂ ಇರುತ್ತವೆ. ಎಲೆ ಹಳದಿಯಾದರೆ ತಕ್ಷಣ ಕಾಣುತ್ತದೆ.

ಎಲ್ಲಕ್ಕಿಂತ ಮುಖ್ಯ ದೂರ. ಚಿಕ್ಕ ಬಲ್ಬಾದರೆ ದೂರ ಎರಡರಷ್ಟಾದಾಗ ಬೆಳಕು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಇದನ್ನು ಮಗಳಿಗೆ ಹೇಗೆ ಹೇಳುವುದು? "ನನ್ನ ಒಂದು ಗೇಣು" ಎಂದು ಕೈ ಅಗಲಿಸಿ ತೋರಿಸಿದೆ. ಅವಳ ಗೇಣು ಚಿಕ್ಕದು, ಹಾಗಾಗಿ ಒಂದೂವರೆ ಬೇಕು ಎಂದು ಅವಳೇ ಕಂಡುಕೊಂಡಳು.

ಹಳೆಯ ಗಿಡ ಉಳಿಯಲಿಲ್ಲ. ಅದರ ಒಣ ತೆನೆಯ ಬೀಜವನ್ನೇ ಬಿತ್ತಿದೆವು. ಈಗ ಭಾನುವಾರ ಬಂದರೆ ಗೇಣು ಹಾಕಿ ಅಳೆಯುವುದು ಅವಳ ಕೆಲಸ. ಗಿಡ ಬೆಳೆದಷ್ಟು ದೀಪ ಮೇಲಕ್ಕೇರಿಸುವುದು, ನೀರು ತಾಗದಂತೆ ವೈರು ನೋಡಿಕೊಳ್ಳುವುದು ನನ್ನದು. ದೀಪವನ್ನು ನೇರವಾಗಿ ದಿಟ್ಟಿಸಬಾರದು ಎಂಬುದು ಇಬ್ಬರಿಗೂ ನಿಯಮ. ಚಿಗುರು, ಕುಡಿ, ತೆನೆ, ಗೇಣು: ಈ ಪದಗಳನ್ನು ನಾನು ಕೂರಿಸಿ ಕಲಿಸಲಿಲ್ಲ, ಕೆಲಸಕ್ಕೆ ಬೇಕಾದವು, ಬಂದವು.

ಮೊನ್ನೆ ಅಜ್ಜಿ ಮತ್ತೆ ಕೇಳಿದರು. "ನೀರೂ ಹಾಕ್ದೆ ಅಜ್ಜಿ, ಬೆಳಕೂ ಹಾಕ್ದೆ" ಎಂದಳು. ನಾನು ತಿದ್ದಲು ಹೋಗಲಿಲ್ಲ.