ಈ ಗುಂಡಿ ಯಾರದು?

ಕಳೆದ ಮಳೆಗಾಲದಲ್ಲಿ ನಮ್ಮ ಒಂಬತ್ತನೇ ತರಗತಿಯ ಹುಡುಗನೊಬ್ಬ ರಸ್ತೆಯ ಗುಂಡಿಯಲ್ಲಿ ಸೈಕಲ್ ಸಮೇತ ಬಿದ್ದು ಕೈ ಮುರಿದುಕೊಂಡ. ಮಕ್ಕಳೆಲ್ಲ ಸೇರಿ ಅರ್ಜಿ ಬರೆದರು. 'ಈ ರಸ್ತೆ ನಮ್ಮದಲ್ಲ' ಎಂದು ಕಚೇರಿಯವರು ಹಿಂದಿರುಗಿಸಿದರು. ಅವರು ಹೇಳಿದ್ದು ನಿಜವೇ. ತಪ್ಪು ನಮ್ಮದು.

ರಸ್ತೆಗೂ ಒಡೆಯರುಂಟು. ತುಮಕೂರಿನ ಬಡಾವಣೆಯ ಬೀದಿಗಳು ಮಹಾನಗರ ಪಾಲಿಕೆಯವು. ಗುಬ್ಬಿಯ 73, ಕುಣಿಗಲ್‌ನ 75ನೇ ರಾಷ್ಟ್ರೀಯ ಹೆದ್ದಾರಿಗಳು ಕೇಂದ್ರ ಸರ್ಕಾರದವು. ತುಮಕೂರು–ಕುಣಿಗಲ್ ನಡುವಿನ 33ನೇ ಸಂಖ್ಯೆಯಂಥ ರಾಜ್ಯ ಹೆದ್ದಾರಿಗಳನ್ನೂ ಜಿಲ್ಲಾ ಮುಖ್ಯ ರಸ್ತೆಗಳನ್ನೂ ನೋಡಿಕೊಳ್ಳುವುದು ಲೋಕೋಪಯೋಗಿ ಇಲಾಖೆ. ಹಳ್ಳಿಯೊಳಗಿನ ರಸ್ತೆಗಳ ಹೊಣೆ 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಪಂಚಾಯಿತಿಗಳದು.

ಇನ್ನು ಗುಂಡಿ ಹುಟ್ಟುವುದು ಹೇಗೆ? ಡಾಂಬರಿಗೆ ನೀರೇ ಶತ್ರು. ಬಿರುಕಿನಲ್ಲಿ ಇಳಿದ ನೀರು ಅಡಿಯ ಮಣ್ಣನ್ನು ಮೆದುಗೊಳಿಸುತ್ತದೆ. ಲಾರಿಯ ಚಕ್ರ ಒತ್ತಿದಾಗ ಆ ಕೆಸರು ಹೊರಗೆ ಚಿಮ್ಮಿ, ಪೊಳ್ಳಾದ ಜಾಗ ಕುಸಿಯುತ್ತದೆ. ನಮ್ಮ ಗುಂಡಿಯ ಪಕ್ಕದಲ್ಲಿ ಯಾರೋ ಅಂಗಡಿಗೆ ದಾರಿ ಮಾಡಲು ಚರಂಡಿಗೆ ಮಣ್ಣು ತುಂಬಿದ್ದರು. ನೀರು ರಸ್ತೆಯಲ್ಲೇ ನಿಂತಿತ್ತು. ಹೆದ್ದಾರಿಯ ಜಾಗದಲ್ಲಿನ ಒತ್ತುವರಿಯನ್ನು ತೆರವುಗೊಳಿಸುವ ಅಧಿಕಾರವನ್ನು 1964ರ ಕರ್ನಾಟಕ ಹೆದ್ದಾರಿಗಳ ಅಧಿನಿಯಮ ಹೆದ್ದಾರಿ ಪ್ರಾಧಿಕಾರಕ್ಕೆ ಕೊಟ್ಟಿದೆ.

ಎರಡನೇ ಅರ್ಜಿಯಲ್ಲಿ ಮಕ್ಕಳು ಗುಂಡಿಯ ಜೊತೆಗೆ ಮುಚ್ಚಿದ ಚರಂಡಿಯ ನಕ್ಷೆಯನ್ನೂ ಬರೆದರು. ಈ ಸಲ ಅದನ್ನು ಲೋಕೋಪಯೋಗಿ ಇಲಾಖೆಗೆ ಕಳಿಸಿದೆವು. ದಾರಿಯ ಬದಿಯ ಕಲ್ಲೇ ನಮಗೆ ವಿಳಾಸ ಹೇಳಿತ್ತು!

ವಿದ್ಯಾರ್ಥಿ ಮಿತ್ರರೇ, ಕಿಲೋಮೀಟರ್ ಕಲ್ಲಿನ ತಲೆ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ. ಈ ಭಾನುವಾರ ಅಪ್ಪನೊಂದಿಗೆ ಹೋಗಿ ನಿಮ್ಮೂರ ರಸ್ತೆಯ ಕಲ್ಲನ್ನೂ ಚರಂಡಿಯನ್ನೂ ನೋಡಿ ಬನ್ನಿ. ಅರ್ಜಿ ಬರೆಯುವುದು ಆಮೇಲೆ.