ಸಹಿ ಹಾಕುವ ಮುಂಚೆ ಚಕ್ಕುಬಂದಿ ಓದಿ



ನಮ್ಮವರ ಎಷ್ಟು ಮನೆಗಳ ಗೋಡೆ ಮೇಲೆ ಪೇಟೆಂಟ್ ಫಲಕಗಳಿವೆ ಅಂತ ಗಮನಿಸಿದ್ದೀರಾ? ಪಾಟ್‌ಲಕ್‌ಗೆಂದು ಯಾರ ಮನೆಗೆ ಹೋದರೂ ಹಾಲ್‌ನಲ್ಲಿ ಒಂದು ಗಣಪತಿ, ಒಂದು ಮೈಸೂರು ಅರಮನೆಯ ಫೋಟೋ, ಪಕ್ಕದಲ್ಲಿ ಕಂಪನಿ ಕೊಟ್ಟ ಮರದ ಫಲಕ. ನಮ್ಮ ಮನೆಯಲ್ಲೂ ಒಂದಿದೆ. ಕಳೆದ ದೀಪಾವಳಿಗೆ ಧೂಳು ಒರೆಸುತ್ತಿದ್ದ ಮಗಳು ಅದರ ಮೇಲಿನ ನಂಬರ್ ನೋಡಿ, ಇಂಟರ್‌ನೆಟ್‌ನಲ್ಲಿ ಇಡೀ ಪೇಟೆಂಟನ್ನೇ ತೆಗೆದು ಓದಲು ಶುರು ಮಾಡಿದಳು.

"ಅಪ್ಪಾ, ಪ್ಲೂರಾಲಿಟಿ ಆಫ್ ಮಾಡ್ಯೂಲ್ಸ್ ಅಂತ ಇದೆ. ಪ್ಲೂರಾಲಿಟಿ ಅಂದ್ರೆ ಎಷ್ಟು?"

"ಒಂದಕ್ಕಿಂತ ಜಾಸ್ತಿ ಅಂತ ಕಣಮ್ಮ."

"ಸರಿ, ಮಾಡ್ಯೂಲ್ ಅಂದ್ರೆ ಏನು?"

ಬಾಯಿ ತೆರೆದೆ, ಮತ್ತೆ ಮುಚ್ಚಿದೆ. ನಿಜ ಹೇಳಬೇಕೆಂದರೆ ಆ ಪೇಟೆಂಟಿನ ಕ್ಲೇಮುಗಳನ್ನು ನಾನು ಯಾವತ್ತೂ ಸರಿಯಾಗಿ ಓದಿರಲಿಲ್ಲ. ವಕೀಲರು ಕಳಿಸಿದ್ದರು, ಪ್ರಾಜೆಕ್ಟಿನ ಗಡಿಬಿಡಿ ಇತ್ತು, ಸಹಿ ಹಾಕಿ ಕಳಿಸಿದೆ. ಹೀಗೆ ಮಾಡಿದವನು ನಾನೊಬ್ಬನೇ ಆಗಿರಲಾರೆ ಎಂಬ ಗುಮಾನಿಯಿಂದಲೇ ಈ ಲೇಖನ. ನಾನು ವಕೀಲನಲ್ಲ, ಮಗಳ ಪ್ರಶ್ನೆಯಿಂದ ಮುಖಭಂಗವಾದ ಮೇಲೆ ಕೋರ್ಟ್ ತೀರ್ಪುಗಳನ್ನು ಹುಡುಕಿ ಓದಿದ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್, ಅಷ್ಟೇ.

ಊರಿನಲ್ಲಿ ಜಮೀನಿನ ಕ್ರಯಪತ್ರ ನೋಡಿದವರಿಗೆ ಚಕ್ಕುಬಂದಿ ಗೊತ್ತಿರುತ್ತದೆ. ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ. ಪೇಟೆಂಟಿನ ಕೊನೆಯಲ್ಲಿ ನಂಬರ್ ಹಾಕಿ ಬರೆದಿರುವ ಕ್ಲೇಮುಗಳು ಅಂದರೆ ಅದೇ ಚಕ್ಕುಬಂದಿ. ಮುಂದಿನ ಹತ್ತಿಪ್ಪತ್ತು ಪುಟಗಳ ವಿವರಣೆ, ಚಿತ್ರಗಳು ಎಲ್ಲ ಇದ್ದರೂ ನಿಮ್ಮ ಹಕ್ಕು ಎಲ್ಲಿಯವರೆಗೆ ಅನ್ನುವುದನ್ನು ತೀರ್ಮಾನಿಸುವುದು ಆ ಕೆಲವು ವಾಕ್ಯಗಳು. ವ್ಯಾಜ್ಯ ಬಂದಾಗ ಜಗಳವೂ ಅಲ್ಲೇ: "ಹಳ್ಳ" ಅಂದರೆ ಯಾವ ಹಳ್ಳ?

ಈ ಜಗಳವನ್ನು ಯಾರು ಬಗೆಹರಿಸಬೇಕು, ಜಡ್ಜೋ ಜ್ಯೂರಿಯೋ? ಅಮೆರಿಕದಲ್ಲಿ ಇದು ತೀರ್ಮಾನವಾದದ್ದು 1996ರಲ್ಲಿ, ಅದೂ ಒಂದು ಡ್ರೈಕ್ಲೀನಿಂಗ್ ಕೇಸಿನಲ್ಲಿ. ಮಾರ್ಕ್‌ಮನ್ ಅನ್ನುವವರಿಗೆ ಡ್ರೈಕ್ಲೀನಿಂಗ್ ಅಂಗಡಿಯ ಬಟ್ಟೆಗಳ ಲೆಕ್ಕ ಇಡುವ ವ್ಯವಸ್ಥೆಗೆ ಪೇಟೆಂಟ್ ಇತ್ತು. ವೆಸ್ಟ್‌ವ್ಯೂ ಅನ್ನುವ ಕಂಪನಿಯ ಯಂತ್ರ ಬಿಲ್ಲಿನ ಹಣದ ಲೆಕ್ಕ ಇಡುತ್ತಿತ್ತು, ಒಂದೊಂದು ಬಟ್ಟೆಯ ಜಾಡು ಹಿಡಿಯುತ್ತಿರಲಿಲ್ಲ. ಕ್ಲೇಮಿನಲ್ಲಿದ್ದ ಪದ "ಇನ್ವೆಂಟರಿ". ಅದರಲ್ಲಿ ಬಟ್ಟೆ ಇರಲೇಬೇಕೋ, ಬರೀ ಹಣದ ಲೆಕ್ಕವಾದರೂ ಸಾಕೋ? ಜ್ಯೂರಿ ಮಾರ್ಕ್‌ಮನ್ ಪರ ಹೇಳಿತು. ಜಡ್ಜ್ ಅದನ್ನು ತಳ್ಳಿಹಾಕಿ, ಬಟ್ಟೆ ಇರಲೇಬೇಕು ಅಂದರು. ಪದದ ಅರ್ಥ ಹೇಳುವುದು ಜಡ್ಜಿನ ಕೆಲಸ ಎಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಅಂದಿನಿಂದ ಇಂಥ ವಿಚಾರಣೆಗೆ "ಮಾರ್ಕ್‌ಮನ್ ಹಿಯರಿಂಗ್" ಎಂದೇ ಹೆಸರು. ಎಷ್ಟೋ ಕೇಸುಗಳು ಇದಾದ ಮೇಲೆ ಜ್ಯೂರಿಯ ತನಕ ಹೋಗುವುದೇ ಇಲ್ಲ, ಅಲ್ಲೇ ರಾಜಿಯಾಗುತ್ತವೆ.

ಸರಿ, ಜಡ್ಜ್ ಅರ್ಥವನ್ನು ಎಲ್ಲಿಂದ ತರುತ್ತಾರೆ? ಡಿಕ್ಷನರಿಯಿಂದಲೇ ಶುರು ಮಾಡಬೇಕು ಅನ್ನುವ ವಾದ 2002ರ ಹೊತ್ತಿಗೆ ಜೋರಾಗಿತ್ತು. ಕನ್ನಡಿಗರಿಗೆ ಇದರ ಕಷ್ಟ ವಿವರಿಸಬೇಕಿಲ್ಲ. ನಿಘಂಟಿನಲ್ಲಿ "ಅಂಕ" ಅಂತ ನೋಡಿದರೆ ಪರೀಕ್ಷೆಯ ಮಾರ್ಕ್ಸೂ ಸಿಗುತ್ತದೆ, ನಾಟಕದ ಭಾಗವೂ ಸಿಗುತ್ತದೆ, ತೊಡೆಯೂ ಸಿಗುತ್ತದೆ! ಯಾವುದು ಅಂತ ಗೊತ್ತಾಗುವುದು ಅಕ್ಕಪಕ್ಕದ ಮಾತಿನಿಂದ. 2005ರಲ್ಲಿ ಫಿಲಿಪ್ಸ್ ಕೇಸಿನಲ್ಲಿ ಫೆಡರಲ್ ಸರ್ಕ್ಯೂಟ್ ಕೋರ್ಟಿನ ಪೂರ್ಣ ಪೀಠ ಹೆಚ್ಚುಕಮ್ಮಿ ಇದನ್ನೇ ಹೇಳಿತು. ಆ ಕ್ಷೇತ್ರದ ಜಾಣ ಕೆಲಸಗಾರನೊಬ್ಬ ಇಡೀ ಪೇಟೆಂಟ್ ಓದಿದಾಗ ಆ ಪದವನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾನೋ ಅದೇ ಅರ್ಥ. ಮೊದಲು ಕ್ಲೇಮು, ಆಮೇಲೆ ವಿವರಣೆ, ಜೊತೆಗೆ ಪೇಟೆಂಟ್ ಆಫೀಸಿನೊಂದಿಗೆ ನಡೆದ ಪತ್ರವ್ಯವಹಾರ. ಡಿಕ್ಷನರಿ, ತಜ್ಞರ ಸಾಕ್ಷ್ಯ ಎಲ್ಲ ಅದರ ಹಿಂದೆ. ಇದು ಸರಿಯಾದ ದಾರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಇದರಿಂದ ವಿವರಣೆ ಬರೆಸುವವರ ಮೇಲೆ, ಅಂದರೆ ನಮ್ಮ ಮೇಲೆ, ಬೀಳುವ ಹೊಣೆ ಸಣ್ಣದಲ್ಲ.

ಎಷ್ಟು ದೊಡ್ಡದು ಅನ್ನುವುದಕ್ಕೆ ಆಪಲ್ ಕಂಪನಿಯ ಒಂದು ಪೇಟೆಂಟ್ ನೋಡಿ. ಮೆಸೇಜಿನಲ್ಲಿ ಬಂದ ಫೋನ್ ನಂಬರನ್ನು ಮುಟ್ಟಿದರೆ ಸೀದಾ ಕರೆ ಹೋಗುತ್ತದಲ್ಲ, ಆ ಬಗೆಯ ಸೌಲಭ್ಯದ್ದು. ಅರ್ಜಿ ಹಾಕಿದ್ದು 1996ರಲ್ಲಿ. ಕ್ಲೇಮಿನಲ್ಲಿ "ಅನಲೈಜರ್ ಸರ್ವರ್" ಅನ್ನುವ ಎರಡು ಪದಗಳಿದ್ದವು. ಶಿಕಾಗೋದಲ್ಲಿ ಮೊಟೊರೊಲಾ ವಿರುದ್ಧದ ಕೇಸಿನಲ್ಲಿ ಜಡ್ಜ್ ರಿಚರ್ಡ್ ಪೋಸ್ನರ್, ಅದು ಕ್ಲೈಂಟಿನಿಂದ ಬೇರೆಯಾಗಿರುವ, ಕ್ಲೈಂಟಿನಿಂದ ಡೇಟಾ ತೆಗೆದುಕೊಳ್ಳುವ ಸರ್ವರ್ ರುಟೀನ್ ಎಂದು ಅರ್ಥ ಹೇಳಿದ್ದರು. ಇತ್ತ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಸ್ಯಾಮ್‌ಸಂಗ್ ಮೇಲಿನ ಕೇಸು ಆ ಪದಗಳ "ಸಾಮಾನ್ಯ ಅರ್ಥ" ಹಿಡಿದುಕೊಂಡೇ ಜ್ಯೂರಿ ಮುಂದೆ ನಡೆಯುತ್ತಿತ್ತು. ಸಾಕ್ಷ್ಯ ಮುಗಿಯಬೇಕಿದ್ದ ಶುಕ್ರವಾರ, 2014ರ ಏಪ್ರಿಲ್ 25ರಂದು, ಫೆಡರಲ್ ಸರ್ಕ್ಯೂಟ್ ಪೋಸ್ನರ್ ಹೇಳಿದ ಅರ್ಥವನ್ನೇ ಎತ್ತಿಹಿಡಿದು ತೀರ್ಪು ಕೊಟ್ಟಿತು! ತಜ್ಞರು ಸೋಮವಾರ ಮತ್ತೆ ಸಾಕ್ಷಿ ಹೇಳಬೇಕಾಯಿತು.

ಈಗ ನಮ್ಮ ಕಸುಬಿನ ಪ್ರಶ್ನೆ. ಸ್ಯಾಮ್‌ಸಂಗ್ ಫೋನಿನಲ್ಲಿ ಈ ಕೆಲಸ ಮಾಡುತ್ತಿದ್ದದ್ದು ಶೇರ್ಡ್ ಲೈಬ್ರರಿ ಕೋಡ್. ಅಪ್ಲಿಕೇಶನ್ ಅದನ್ನು ಕರೆದಾಗ ಆ ಕೋಡ್ ಅಪ್ಲಿಕೇಶನ್ನಿನ ಭಾಗವಾಗಿಯೇ ಓಡುತ್ತದೆ ಅಂತ ಸ್ಯಾಮ್‌ಸಂಗ್ ವಾದ. ಮೆಮೊರಿಯಲ್ಲಿ ಬೇರೆ ಜಾಗದಲ್ಲಿದೆ, ಹಲವು ಅಪ್ಲಿಕೇಶನ್‌ಗಳು ಬಳಸುತ್ತವೆ, ಹಾಗಾಗಿ ಅದು ಬೇರೆಯೇ ಅಂತ ಆಪಲ್ ವಾದ. ನಿಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಈ ಪ್ರಶ್ನೆ ಎತ್ತಿ ನೋಡಿ, ಹತ್ತು ಇಂಜಿನಿಯರುಗಳಿಂದ ಹನ್ನೊಂದು ಉತ್ತರ ಬರುತ್ತದೆ. ಜ್ಯೂರಿ ಆಪಲ್ ಪರ ನಿಂತು ಒಟ್ಟು 119.6 ಮಿಲಿಯನ್ ಡಾಲರ್ ಪರಿಹಾರ ಕೊಟ್ಟಿತು. ಅದರಲ್ಲಿ ಸುಮಾರು 98.7 ಮಿಲಿಯನ್ ಈ ಒಂದು ಪೇಟೆಂಟಿಗೆ. 2016ರ ಫೆಬ್ರವರಿಯಲ್ಲಿ ಮೂವರು ಜಡ್ಜುಗಳ ಪೀಠ, ಲೈಬ್ರರಿ ಸರ್ವರ್ ಆಗುವುದಿಲ್ಲ ಎಂದು ತೀರ್ಪನ್ನು ಉಲ್ಟಾ ಮಾಡಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅದೇ ಕೋರ್ಟಿನ ಪೂರ್ಣ ಪೀಠ, ಜ್ಯೂರಿಯ ತೀರ್ಮಾನಕ್ಕೆ ಸಾಕಷ್ಟು ಸಾಕ್ಷ್ಯವಿತ್ತು ಎಂದು ಅದನ್ನು ಮತ್ತೆ ಉಲ್ಟಾ ಮಾಡಿತು. ಮೂವರು ಜಡ್ಜುಗಳು ಅದಕ್ಕೂ ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ 2017ರಲ್ಲಿ ಕೇಸನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿದ ಮೇಲೆ ಮುಗಿಯಿತು.

ಎರಡು ಪದ, ಹತ್ತಿರ ಹತ್ತಿರ ನೂರು ಮಿಲಿಯನ್ ಡಾಲರ್.

"ಅಷ್ಟೆಲ್ಲ ಯಾಕೆ, ಪೇಟೆಂಟ್ ಬರೆದ ಇಂಜಿನಿಯರನ್ನೇ ಕರೆದು ನಿನ್ನ ಮನಸ್ಸಿನಲ್ಲಿ ಏನಿತ್ತಪ್ಪ ಅಂತ ಕೇಳಿದರೆ ಆಯಿತಲ್ಲ?" ಅಂತ ನನ್ನ ಶ್ರೀಮತಿ ಕೇಳಿದಳು. ನಾನೂ ಹಾಗೇ ಅಂದುಕೊಂಡಿದ್ದೆ. ನನಗೆ ಅತ್ಯಂತ ಆಶ್ಚರ್ಯವಾದ ಸಂಗತಿ ಇದೇ. ಇಂಜಿನಿಯರನ್ನು ಗಂಟೆಗಟ್ಟಲೆ ಕೂರಿಸಿ ಪ್ರಶ್ನೆ ಕೇಳುವುದೇನೋ ಉಂಟು, ಆದರೆ ಕ್ಲೇಮಿನ ಪದಕ್ಕೆ ಅರ್ಥ ಹೇಳುವಾಗ "ನನ್ನ ಮನಸ್ಸಿನಲ್ಲಿ ಹೀಗಿತ್ತು" ಅನ್ನುವ ಮಾತಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಫೆಡರಲ್ ಸರ್ಕ್ಯೂಟ್ ಇದನ್ನು ಹಲವು ಸಲ ಹೇಳಿದೆ. ಕಾರಣ ನ್ಯಾಯವಾದದ್ದೇ. ಪೇಟೆಂಟ್ ಸಾರ್ವಜನಿಕ ದಾಖಲೆ. ಓದುವವನಿಗೆ ಕಾಣುವುದು ಪದಗಳು, ನಿಮ್ಮ ಮನಸ್ಸಲ್ಲ. ಮಾರಿದವರು ಈಗ ಬಂದು "ನಾನು ಹೇಳಿದ್ದು ಆ ಹಳ್ಳವಲ್ಲ" ಅಂದರೆ ಪಕ್ಕದ ಗದ್ದೆಯವನು ಒಪ್ಪುತ್ತಾನೆಯೇ?

ಅರ್ಜಿ ಸಲ್ಲಿಸಿದ ಮೇಲೆ ಅದರ ವಿವರಣೆಗೆ ಹೊಸ ವಿಷಯ ಸೇರಿಸಲೂ ಆಗುವುದಿಲ್ಲ. ಹಾಗಾಗಿ ಇಂಜಿನಿಯರಿನ ಮಾತಿಗೆ ಬೆಲೆ ಇರುವುದು ಅರ್ಜಿ ಹೋಗುವುದಕ್ಕೆ ಮುಂಚಿನ ಆ ಒಂದೆರಡು ವಾರ ಮಾತ್ರ. ನಾವು ಆ ಒಂದೆರಡು ವಾರದಲ್ಲೇ ಬ್ಯುಸಿ ಇರುತ್ತೇವೆ. ಕ್ಲೇಮುಗಳೂ ಸೇರಿದಂತೆ ಅರ್ಜಿಯನ್ನು ಓದಿ ಅರ್ಥ ಮಾಡಿಕೊಳ್ಳದೆ ಡಿಕ್ಲರೇಶನ್‌ಗೆ ಸಹಿ ಹಾಕಬಾರದು ಎಂದು ಪೇಟೆಂಟ್ ಆಫೀಸಿನ ನಿಯಮವೇ ಹೇಳುತ್ತದೆ. ನಾನು ಅದನ್ನೂ ಓದಿರಲಿಲ್ಲ.

ಇದನ್ನು ಒಬ್ಬ ಮಿತ್ರರ ಮುಂದೆ ಹೇಳಿದಾಗ ಅವರು ನಕ್ಕರು. "ಪದಗಳು ಸ್ವಲ್ಪ ಮಸುಕಾಗಿಯೇ ಇರಬೇಕು ಸಾರ್, ಆಗಲೇ ಎಲ್ಲರನ್ನೂ ಬಲೆಗೆ ಹಾಕಬಹುದು" ಅಂದರು. ವಕೀಲರಲ್ಲೂ ಇಂಥ ಲೆಕ್ಕಾಚಾರ ಇದ್ದೇ ಇದೆ. ನನಗೆ ಇದು ಒಪ್ಪಿಗೆಯಿಲ್ಲ. ನಾವೇ ಬೇರೆಯವರ ಮಸುಕು ಪೇಟೆಂಟುಗಳಿಗೆ ಹೆದರಿ ಕೋಡ್ ಬರೆಯುವವರು, ನಮ್ಮದನ್ನು ಯಾಕೆ ಹಾಗೆ ಬರೆಸಬೇಕು? ಅದೂ ಅಲ್ಲದೆ ಆ ಬಲೆ ಈಗ ಹಾಕಿದವರ ಕಾಲಿಗೇ ಸುತ್ತಿಕೊಳ್ಳುತ್ತಿದೆ. 2015ರ ವಿಲಿಯಮ್‌ಸನ್ ಮತ್ತು ಸಿಟ್ರಿಕ್ಸ್ ಕೇಸಿನಲ್ಲಿ ಜಗಳಕ್ಕೆ ಬಂದ ಪದ ಯಾವುದು ಗೊತ್ತೇ? "ಮಾಡ್ಯೂಲ್"! ಅದು ಯಾವ ನಿರ್ದಿಷ್ಟ ರಚನೆಯನ್ನೂ ಹೇಳದ ಪೊಳ್ಳು ಪದ, ಅದು ಮಾಡುವ ಕೆಲಸದ ಅಲ್ಗಾರಿದಮ್ ವಿವರಣೆಯಲ್ಲಿ ಇರಬೇಕಿತ್ತು, ಇಲ್ಲ ಎಂದು ಕೋರ್ಟ್ ಆ ಕ್ಲೇಮುಗಳನ್ನು ಅಸಿಂಧು ಎಂದಿತು. ನನ್ನ ಫಲಕ ನೋಡಿದಾಗಲೆಲ್ಲ ಈಗ ಎದೆ ಸ್ವಲ್ಪ ಢವಗುಟ್ಟುತ್ತದೆ.

ಈ ವರ್ಷ ಕೆಲಸದಲ್ಲಿ ಇನ್ನೊಂದು ಅರ್ಜಿಯ ಕರಡು ಬಂತು. ಈ ಸಲ ಎರಡು ಸಂಜೆ ಕೂತು ಕ್ಲೇಮುಗಳನ್ನೇ ಮೊದಲು ಓದಿದೆ. ಅರ್ಥ ಹೇಳಲು ನನಗೇ ತಡಕಾಡಬೇಕಾದ ಪದಗಳಿಗೆಲ್ಲ ಅಡಿಗೆರೆ ಹಾಕಿ ವಕೀಲರಿಗೆ ಫೋನ್ ಮಾಡಿದೆ. ಒಂಬತ್ತು ಪದಗಳಿದ್ದವು. ಐದಕ್ಕೆ ವಿವರಣೆಯಲ್ಲಿ ಉದಾಹರಣೆ ಸಮೇತ ಒಂದೊಂದು ಪ್ಯಾರಾ ಸೇರಿತು, ಎರಡನ್ನು ತೆಗೆದೇ ಹಾಕಿದರು, ಇನ್ನೆರಡರ ಬಗ್ಗೆ ನಮ್ಮಿಬ್ಬರಿಗೂ ಇನ್ನೂ ಒಮ್ಮತವಾಗಿಲ್ಲ. ಸಹಿ ಹಾಕಿಲ್ಲ; ಮುಂದಿನ ಗುರುವಾರ ಮತ್ತೆ ಮಾತಾಡುವುದಿದೆ.